ಮಂಡಳಿಯ ಪುಟದಲ್ಲಿ ನನ್ನ ಕನಸು

ಡಿ. 17, ಬೆಳಿಗ್ಗೆ

ಭಜನೆ ಮುಗಿಸಿ ಬಂದೆ. ಹುಗ್ಗಿಯ ಫೋಟೋ ನಮ್ಮ ಭಜನಾ ಮಂಡಳಿಯ ಫೇಸ್‌ಬುಕ್ ಪೇಜಿಗೆ ಹಾಕಿದ್ದಾಯಿತು — ಧನುರ್ಮಾಸ ಮುಗಿಯುವವರೆಗೆ ದಿನಾ ಇದೇ ಕೆಲಸ. ಆರ್‌ಪಿಸಿ ಲೇಔಟಿನಲ್ಲಿ ಇನ್ನೂ ಮಂಜು. ಮರಗಳಿಗೂ ನಿದ್ದೆ ಬಿಟ್ಟಿಲ್ಲ.

ನಿನ್ನೆ ಸ್ಟಾಫ್ ರೂಮಿನಲ್ಲಿ ಸೌಮ್ಯಶ್ರೀ ನನ್ನ ಬ್ಲಾಗಿಗೆ ಆಟೋ-ಶೇರ್ ಹಾಕಿಕೊಟ್ಟಳು. ಕಂಪ್ಯೂಟರ್ ಟೀಚರ್ ಅಲ್ಲವೇ. ಬ್ಲಾಗಿನಲ್ಲಿ ಕನಸು ಬರೆದರೆ ಸಾಕು, ತಾನಾಗಿಯೇ ಫೇಸ್‌ಬುಕ್ಕಿಗೆ ಹೋಗುತ್ತದಂತೆ. ‘ನೀಲಿ’ ಎಂಬ ಸುಳ್ಳು ಹೆಸರಿನ ನನ್ನ ಪೇಜಿಗೆ. ಓದುವವರು ಯಾರೋ, ಎಲ್ಲಿಯವರೋ... ಅದೇ ಚೆನ್ನ.

ಡಿ. 21, ಶನಿವಾರ

ಮತ್ತೆ ಅವರೇ ಕನಸಿನಲ್ಲಿ. ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವ ಸುಧೀಂದ್ರ. ವಿಜಯನಗರ ಮೆಟ್ರೋ ಸ್ಟೇಷನ್ನಿಗೆ ರೈಲಿನ ಬದಲು ನೀರು ಬಂತು, ಮೆತ್ತಗೆ. ಹಾರ್ಮೋನಿಯಂ ದೋಣಿಯಾಯಿತು. ಅವರ ತೋಳು ಹಿಡಿದು ಕೂತೆ. ರಾಜಾಜಿನಗರದ ಮೇಲೆಲ್ಲ ತೇಲಿದೆವು.

ಎದ್ದಾಗ ಅಳು. ಡೈವೋರ್ಸ್ ಆದವಳು, ನಲವತ್ತಾರು ವಯಸ್ಸು. ಅವರೋ ಹೆಂಡತಿ ತೀರಿಕೊಂಡಮೇಲೆ ಯಾರನ್ನೂ ತಲೆಯೆತ್ತಿ ನೋಡದವರು. ಬಾಯಿಬಿಟ್ಟು ಹೇಳುವುದುಂಟೇ? ಬ್ಲಾಗಿನಲ್ಲಿ ಬರೆದೆ. ಹೆಸರಿಲ್ಲ, ‘ಹಾರ್ಮೋನಿಯಂನವರು’ ಅಷ್ಟೇ.

ಡಿ. 22

ಮಾನ ಮೂರು ಕಾಸಿಗೆ ಹೋಯಿತು.

ಮಂಗಳಾರತಿ ಆದಮೇಲೆ ಅಧ್ಯಕ್ಷೆ ನರಸಮ್ಮನವರು ಪಕ್ಕಕ್ಕೆ ಕರೆದು ಫೋನ್ ತೋರಿಸಿದರು. ಮಂಡಳಿಯ ಪೇಜ್. ಹುಗ್ಗಿಯ ಫೋಟೋ, ಅದರ ಕೆಳಗೆ ನನ್ನ ದೋಣಿ. ‘ಯಾವ ಪೇಜ್?’ ಎಂದು ಸೌಮ್ಯಶ್ರೀ ಕೇಳಿದಾಗ ರೂಢಿಯ ಮೇಲೆ ಮಂಡಳಿಯದನ್ನೇ ಒತ್ತಿದ್ದೇನೆ! ಯಾರೋ ಹ್ಯಾಕ್ ಮಾಡಿರಬೇಕು ಎಂದೆ. ಪೇಜ್ ನನ್ನ ಕೈಯಲ್ಲಿರುವುದು ಎಲ್ಲರಿಗೂ ಗೊತ್ತು.

"ಬೆಳಗಿನ ಜಾವದ ಕನಸಾ?" ಎಂದಷ್ಟೇ ಕೇಳಿದರು ನರಸಮ್ಮ.

ಮನೆಗೆ ಬಂದವಳೇ ಆಟೋ-ಶೇರ್ ಕಿತ್ತುಹಾಕಿದೆ. ಪೋಸ್ಟ್ ಡಿಲೀಟ್. ಲೈಕ್ ಕೊಟ್ಟವರ ಹೆಸರು ನೋಡುವ ಧೈರ್ಯ ಬರಲಿಲ್ಲ.

ಜ. 5

ಭಜನೆಗೆ ಹೋಗುತ್ತಿಲ್ಲ. ಜ್ವರ ಎಂದು ಮೆಸೇಜ್ ಹಾಕಿದ್ದೇನೆ. ನರಸಮ್ಮ ಕಳಿಸುವ ಹುಗ್ಗಿಯ ಫೋಟೋ ಮನೆಯಿಂದಲೇ ಪೇಜಿಗೆ ಹಾಕುತ್ತೇನೆ. ಕನಸೂ ಬೀಳುತ್ತಿಲ್ಲ. ಬೆಳಿಗ್ಗೆ ಮೈಕಿನಲ್ಲಿ ಹಾರ್ಮೋನಿಯಂ ಕೇಳುತ್ತದೆ, ಮಂಜಿನೊಳಗಿಂದ. ಕಿಟಕಿ ಮುಚ್ಚುತ್ತೇನೆ, ಮತ್ತೆ ತೆಗೆಯುತ್ತೇನೆ.

ಜ. 9, ಬೆಳಿಗ್ಗೆ

ನರಸಮ್ಮ ಫೋನಿನಲ್ಲಿ ಬೈದರು. ಹೋದೆ. ಮೂಲೆಯಲ್ಲಿ ಕೂತೆ. ಎಲ್ಲರೂ ಹುಗ್ಗಿಯ ದೊನ್ನೆ ಹಿಡಿದು ಹೊರಟಮೇಲೆ ಸುಧೀಂದ್ರ ಉಳಿದರು. ಹಾರ್ಮೋನಿಯಂಗೆ ಬಟ್ಟೆ ಹೊದಿಸುತ್ತಾ, ನನ್ನನ್ನು ನೋಡದೆ, ಪೇಜಿನಲ್ಲಿ ಈಗ ಬರೀ ಹುಗ್ಗಿಯೇ ಬರುತ್ತಿದೆ ಎಂದರು. ತಪ್ಪಿ ಬಂದದ್ದು, ಕ್ಷಮಿಸಿ ಎಂದೆ.

"ಅದಿರ್ಲಿ. ದೋಣಿ ಇಳಿದು ಆಮೇಲೆ ನಾವು ಎಲ್ಲಿಗೆ ಹೋದ್ವಿ? ಅದನ್ನ ಬರೀಲೇ ಇಲ್ಲ ನೀವು."

ನಾವು ಎಂದರು.

ಎಚ್ಚರವಾಗಿಬಿಟ್ಟಿತು ಎಂದೆ. ಹಾಗಾದರೆ ಸಂಜೆ ಮೆಟ್ರೋ ಸ್ಟೇಷನ್ ಹತ್ತಿರ ಕಾಫಿ ಕುಡಿಯುತ್ತಾ ಮುಂದಿನದು ಯೋಚಿಸೋಣವೇ ಎಂದು ಕೇಳಿದರು. ತಲೆಯಾಡಿಸಿದೆನೋ ಇಲ್ಲವೋ ನೆನಪಿಲ್ಲ. ಮಂಜಿನಲ್ಲಿ ಮನೆಗೆ ಹೇಗೆ ಬಂದೆನೋ, ಅದೂ.

ಸಂಜೆ

ಹೊರಡಲು ಇನ್ನೂ ಹೊತ್ತಿದೆ. ಸೀರೆ ಬದಲಾಯಿಸಿದ್ದೂ ಆಯಿತು, ಮತ್ತೆ ಬದಲಾಯಿಸಿದ್ದೂ ಆಯಿತು. ಭಯ. ಸಂತೋಷ. ಎರಡೂ.

ಮೆಸೇಜ್ ಬಂತು, ಅವರದೇ. "ಬೇಗ ಬಂದ್ಬಿಟ್ಟಿದೀನಿ. ನೀವು ನಿಧಾನಕ್ಕೆ ಬನ್ನಿ."

ನಿಧಾನಕ್ಕಂತೆ. ಚಪ್ಪಲಿ ಎಲ್ಲಿ —