ಎಂಟನೇ ನಂಬರ್ ಸ್ಪ್ಯಾನರ್

ಜುಲೈ ೪, ೧೯೮೩. ಸಂಜೆ ೬.

ಮತ್ತೆ ಉಜ್ಜಿತು. ಮನೆ ಹತ್ತಿರದ ರೋಡ್ ಹಂಪಿನ ಮೇಲೆ — ಕರಕರ ಎಂದು. ಸ್ಕೂಟರಿಗೆ ಎರಡು ಪಕ್ಕದ ಚಕ್ರ ಕೂರಿಸಿದವನಿಗೆ ಅದರ ಆಕ್ಸಲ್ ಸೈಲೆನ್ಸರಿಗೆ ತಗಲುತ್ತದೆ ಅನ್ನುವಷ್ಟೂ ತಲೆ ಓಡಲಿಲ್ಲ. ಕ್ಲಚ್ಚೂ ಜಾರುತ್ತಿದೆ. ಏರು ಬಂದರೆ ಇಂಜಿನ್ ಅರಚುತ್ತದೆ, ಗಾಡಿ ಮಾತ್ರ ಇದ್ದಲ್ಲೇ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇವತ್ತೂ ಅದೇ ಕಥೆ. ಊಟದ ಕೋಣೆಗೆ ನನಗಿಂತ ಮೊದಲು ನನ್ನ ಕ್ಯಾಲಿಪರ್ ಹೋಗುತ್ತದೆ. ಟಕ್, ಟಕ್. ಒಳಗಿನ ಮಾತು ನಿಲ್ಲುತ್ತದೆ. ನಾಲ್ಕನೇ ವಯಸ್ಸಿಗೆ ಪೋಲಿಯೋ, ಅಂದಿನಿಂದ ಎಡಗಾಲಿಗೆ ಕಬ್ಬಿಣ. ಮೂವತ್ತು ವರ್ಷದಲ್ಲಿ ಒಂದು ಸಲವಾದರೂ ಸದ್ದಿಲ್ಲದೆ ಎಲ್ಲಿಗೂ ಹೋಗಿಲ್ಲ.

ಮನೆ ಓನರ್ ನಾರಾಯಣಮ್ಮ ಒಂದು ಹೆಸರು ಹೇಳಿದರು. "ಕತ್ರಿಗುಪ್ಪೇಲಿ ದಾಸಪ್ಪ ಅಂತ ಮೆಕ್ಯಾನಿಕ್ ಅವ್ರೆ ವಾರಿಜಾ. ಮಾತು ಕಮ್ಮಿ, ಕೈ ಚೆನ್ನಾಗೈತೆ. ಹೋಗ್ ನೋಡವ್ವ."

ಜುಲೈ ೧೦. ಭಾನುವಾರ.

ತಗಡಿನ ಶೆಡ್ಡು. ದಾಸಪ್ಪನವರಿಗೆ ನಲವತ್ತೈದು ಇರಬಹುದು. ಮೊದಲು ಗಾಡಿ ನೋಡಿದರು. ಆಮೇಲೂ ಗಾಡಿಯನ್ನೇ ನೋಡಿದರು. ಕಾಲು ನೋಡಲಿಲ್ಲ!

"ಸೈಲೆನ್ಸರ್ ಎರಡು ಥರ ಐತೆ ಮೇಡಂ. ಕಂಪನಿದು — ಸದ್ದೇ ಬರಲ್ಲ. ಆದ್ರೆ ಪೈಪು ಕೆಳಗೈತೆ, ಮತ್ತೆ ಉಜ್ಜತ್ತೆ. ಲೋಕಲ್ದು ಬೇಕಾದಂಗೆ ಬಗ್ಗಿಸ್ಬೋದು. ಸ್ವಲ್ಪ ಗುಡುಗ್ತದೆ."

"ಸದ್ದು ಬೇಡ" ಅಂದೆ. ಬೇಕಿದ್ದಕ್ಕಿಂತ ಜೋರಾಗಿ.

"ಆಯ್ತು, ಕಂಪನಿದೇ ಹಾಕಣ. ಉಜ್ಜಿದ್ರೆ ತನ್ನಿ."

ಜುಲೈ ೧೭.

ಉಜ್ಜಿತು. ತೆಗೆದುಕೊಂಡು ಹೋದೆ. 'ನಾನು ಆಗಲೇ ಹೇಳಿದ್ದೆ' ಅನ್ನಲಿಲ್ಲ ಆ ಮನುಷ್ಯ. ಲೋಕಲ್ ಪೈಪನ್ನು ಕಾಯಿಸಿ, ಮೇಲಕ್ಕೆ ಬಗ್ಗಿಸಿ, ಆಕ್ಸಲ್ ತಪ್ಪಿಸಿ ಕೂರಿಸಿದರು. ಗುಡುಗುತ್ತದೆ, ನಿಜ. ನಾಚಿಕೆಯಾಯಿತು. ಆದರೆ ತಿಲಕ್ ನಗರ ಬರುವಷ್ಟರಲ್ಲಿ ಒಂದು ಹೊಳೆಯಿತು. ಈ ಗುಡುಗು ಒಬ್ಬ ಹೆಂಗಸಿನ ಕಾಲಿನದು ಅಂತ ದಾರಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಯಾರೋ ಸ್ಕೂಟರಿನಲ್ಲಿ ಹೋದರು, ಅಷ್ಟೆ.

ಕ್ಲಚ್ಚಿಗೆ ಗಟ್ಟಿ ಸ್ಪ್ರಿಂಗ್ ಹಾಕಿದ್ದಾರೆ. ನೋಡಬೇಕು.

ಜುಲೈ ೨೪.

ಏರು ಹತ್ತಿತು. ಕೈ ಸತ್ತಿತು. ಹಗಲೆಲ್ಲ ಸ್ವಿಚ್ ಬೋರ್ಡಿಗೆ ವೈರ್ ಸಿಕ್ಕಿಸಿದ ಕೈ — ಲಿವರ್ ಒತ್ತಲಾರದೆ ಸಿಗ್ನಲ್ಲಿನಲ್ಲಿ ಎರಡು ಸಲ ಆಫ್. ಹೇಳಿದೆ. ಮೆತ್ತನೆಯ ಸ್ಪ್ರಿಂಗ್ ಹಾಕಿದರು.

ಸ್ಟೂಲನ್ನು ಹೆಗಲಿನ ಟವೆಲಿನಿಂದ ಒರೆಸಿ ಕೊಟ್ಟರು. ಟೀ.

"ದಿನಾ ಎಷ್ಟು ಜನದತ್ರ ಮಾತಾಡ್ತೀರಿ ಮೇಡಂ?"

"ಮುನ್ನೂರು."

"ಅಬ್ಬಾ! ಏನಂತ?"

"ಲೈನಲ್ಲಿರಿ. ಮಾತಾಡಿ. ಮೂರು ನಿಮಿಷ ಆಯ್ತು."

ನಕ್ಕರು. ಅವರ ಹೆಂಡತಿ ತೀರಿಕೊಂಡು ಆರು ವರ್ಷವಂತೆ. ಅದನ್ನೂ ಸ್ಪ್ರಿಂಗ್ ಒತ್ತುತ್ತಲೇ ಹೇಳಿದರು. ಅಮ್ಮ ಹೋಗಿ ಒಂದೂವರೆ ವರ್ಷ ಆಯಿತು ಅಂತ ನಾನೂ ಹೇಳಿದೆ. ಯಾಕೆ ಹೇಳಿದೆನೋ.

ಆಗಸ್ಟ್ ೭. ಭಾನುವಾರ.

ಮೆತ್ತನೆಯದು ಜಾರುತ್ತದೆ. ಸ್ವಲ್ಪವೇ. ನಾನು ಬಹಳ ಅಂದೆ.

ಶೆಡ್ಡಿಗೆ ಹೋದಾಗ ಟೀ ಬಂದು ಕೂತಿತ್ತು. "ತಿರುವಲ್ಲೇ ಗೊತ್ತಾಯ್ತು ನೀವೇ ಅಂತ. ಆ ಪೈಪು ಬೆಂಗ್ಳೂರಲ್ಲಿ ಒಂದೇ. ನಾನೇ ಬಗ್ಗಿಸಿದ್ದಲ್ವಾ."

ನನ್ನ ಸದ್ದು ಕೇಳಿ ಮಾತು ನಿಲ್ಲಿಸಿದವರನ್ನು ಕಂಡಿದ್ದೇನೆ. ಟೀ ಹೇಳಿದವರನ್ನು ಇವತ್ತೇ ಕಂಡದ್ದು.

ಆಗಸ್ಟ್ ೧೪.

ಮುಗಿಯಿತು. ಒಂದು ಗಟ್ಟಿ, ಒಂದು ಮೆತ್ತಗೆ — ಒಂದು ಬಿಟ್ಟು ಒಂದು ಸ್ಪ್ರಿಂಗ್ ಹಾಕಿದ್ದಾರೆ. ಏರೂ ಹತ್ತುತ್ತದೆ, ಕೈಯೂ ನೋಯುವುದಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗೇರ್ ಬೀಳುತ್ತದೆ.

"ಇನ್ನಾರು ತಿಂಗ್ಳು ನೀವು ಈ ಕಡೆ ತಲೆ ಹಾಕಂಗಿಲ್ಲ ಮೇಡಂ!" ಅಂದರು. ಎಷ್ಟು ಖುಷಿ ಮುಖದಲ್ಲಿ. ಕೆಲಸಗಾರನ ಖುಷಿ. ನಾನೂ ನಕ್ಕೆ. ಮನೆಗೆ ಬಂದು ಅತ್ತೆ. ಮೂವತ್ತನಾಲ್ಕು ವರ್ಷದವಳು ಕ್ಲಚ್ ಸರಿಹೋಯಿತೆಂದು ಅತ್ತೆ.

ಆಗಸ್ಟ್ ೨೭.

ಗಾಡಿಯಲ್ಲಿ ಒಂದು ದೋಷವಿಲ್ಲ. ಏರಿನಲ್ಲಿ ಬೇಕೆಂದೇ ನಿಲ್ಲಿಸಿ ಹೊರಡಿಸಿದೆ. ಹೊರಟಿತು, ಹಾಳಾದ್ದು.

ಆಗಸ್ಟ್ ೨೮. ಭಾನುವಾರ. ಮಧ್ಯಾಹ್ನ.

ಮಾಡಬಾರದ್ದು ಮಾಡಿದೆ. ಬರೆದುಬಿಡುತ್ತೇನೆ.

ಬೆಳಿಗ್ಗೆ ನಾರಾಯಣಮ್ಮನ ಮನೆಯ ಕಟಿಂಗ್ ಪ್ಲೇಯರ್ ಇಸಿದುಕೊಂಡು ಕ್ಲಚ್ ಕೇಬಲ್ಲಿನ ನಟ್ಟನ್ನು ನಾನೇ ತಿರುವಿ ಕೇಬಲ್ ಸಡಿಲಿಸಿದೆ. ಕತ್ರಿಗುಪ್ಪೆಗೆ ಹೋಗಿ, "ಯಾಕೋ ಕ್ಲಚ್ ಬಿಡ್ತಾನೇ ಇಲ್ಲ ದಾಸಪ್ಪನವರೇ" ಅಂದೆ. ಬಗ್ಗಿ ನೋಡಿದರು. ನಟ್ಟಿನ ಮೇಲೆ ಬೆರಳಾಡಿಸಿದರು. ಪ್ಲೇಯರಿನ ಹಲ್ಲಿನ ಗುರುತು, ಹೊಸದು, ಬೆಳ್ಳಗೆ. ನನಗೂ ಕಂಡಿತು. ನಟ್ಟು ಬದಲಿಸಿ ಸರಿಮಾಡಿ, ಗೋಡೆಯಿಂದ ಒಂದು ಪುಟ್ಟ ಸ್ಪ್ಯಾನರ್ ತೆಗೆದು ನನ್ನ ಕೈಗಿಟ್ಟರು.

"ಎಂಟನೇ ನಂಬರ್ದು. ಮುಂದಿನ ಸಲ ಇದ್ರಲ್ಲಿ ಸಡಿಲ ಮಾಡಿ ಮೇಡಂ. ನಟ್ಟು ಹಾಳಾಗಲ್ಲ."

ಕಳ್ಳಿ ಸಿಕ್ಕಿಬಿದ್ದಳು. ಟೀ ಹಾಗೇ ಬಿಟ್ಟು ಎದ್ದೆ. ಶೆಡ್ಡಿನಿಂದ ಗಾಡಿವರೆಗೆ ಹತ್ತು ಹೆಜ್ಜೆ. ಟಕ್, ಟಕ್, ಟಕ್... ಹತ್ತೂ ಕೇಳಿಸಿದವು.

ಸೆಪ್ಟೆಂಬರ್ ೧೯.

ಗಾಡಿಗೆ ಬೆಡ್‌ಶೀಟ್ ಹೊದಿಸಿ ಮೂರು ವಾರವಾಯಿತು. ಆ ಸದ್ದು ನನಗೇ ಬೇಡ. ಬಸ್ಸಿಗೇ ಹೋಗುತ್ತಿದ್ದೇನೆ. ಕಂಡಕ್ಟರು "ಹುಷಾರಮ್ಮಾ, ಕಾಲು" ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ.

ನಾರಾಯಣಮ್ಮ: "ಗಾಡಿ ಕೆಟ್ಟೋಯ್ತಾ?"

"ಇಲ್ಲ. ನಾನೇ ಕೆಟ್ಟಿದ್ದು."

ಆಕೆಗೆ ಅರ್ಥವಾಗಲಿಲ್ಲ. ಆಗುವುದೂ ಬೇಡ.

ಸೆಪ್ಟೆಂಬರ್ ೨೫. ಭಾನುವಾರ. ಬೆಳಿಗ್ಗೆ ೮.

ಹಿಂದಿನದನ್ನೆಲ್ಲ ಓದುತ್ತಿದ್ದೆ. ಹರಿದುಹಾಕಬೇಕೆಂದು. ಆಗಸ್ಟ್ ೨೮ರಲ್ಲಿ ನಿಂತೆ. ಟ್ರಂಕ್ ಕಾಲ್ ಬರೆದುಕೊಳ್ಳುವ ಅಭ್ಯಾಸ — ಕೇಳಿದ ಮಾತನ್ನು ಕೇಳಿದ ಹಾಗೇ ಬರೆದಿದ್ದೇನೆ. ಆದರೆ ಬರೆದವಳು ಓದಿರಲಿಲ್ಲ.

ಇದರಲ್ಲಿ ಬಿಗಿ ಮಾಡಿ, ನೀವೇ ಸರಿಮಾಡಿಕೊಳ್ಳಿ ಅಂದಿದ್ದರೆ ಅದು ಬಾಗಿಲು ಹಾಕುವ ಮಾತು. ಅವರು ಹಾಗನ್ನಲಿಲ್ಲ.

ಸಡಿಲ ಮಾಡಿ ಅಂದರು. ಮುಂದಿನ ಸಲ ಅಂದರು.

ಅದೇ ದಿನ. ಮಧ್ಯಾಹ್ನ ೨.

ಬೆಡ್‌ಶೀಟ್ ತೆಗೆದೆ. ನಟ್ಟಿಗೆ ಸ್ಪ್ಯಾನರ್ ಇಟ್ಟೆ. ಸರಿಯಾಗಿ ಕೂತಿತು. ತಿರುವಲಿಲ್ಲ, ವಾಪಸ್ ತೆಗೆದೆ. ಹಾಗೇ ಹೊರಟೆ.

ತಿರುವು ದಾಟುವಾಗಲೇ ಕಂಡರು, ಶೆಡ್ಡಿನ ಹೊರಗೆ ನಿಂತಿದ್ದರು. ಟವೆಲಿನಲ್ಲಿ ಸ್ಟೂಲ್ ಒರೆಸುತ್ತಿದ್ದರು.

"ಏನಾಗೈತೆ ಮೇಡಂ?" ಲಿವರ್ ಒತ್ತಿ ನೋಡಿದರು. ಇನ್ನೊಮ್ಮೆ ಒತ್ತಿದರು. "ಸರಿಯಾಗೇ ಐತಲ್ಲ?"

"ಹೌದು, ಸರಿಯಾಗೇ ಇದೆ. ಸುಮ್ನೆ ಬಂದೆ" ಅಂದೆ.

ಅವರು ಲಿವರಿನಿಂದ ಕೈ ತೆಗೆದರು. ಆಮೇಲೆ ನನ್ನ ಕಡೆ ತಿರುಗಿ, ಒರೆಸಿದ ಸ್ಟೂಲನ್ನು ಮುಂದಕ್ಕೆ ಸರಿಸಿ, "ಹಂಗಾದ್ರೆ ಕೂತ್ಕೊಳಿ. ಟೀ ಹೇಳ್ತೀನಿ" ಅಂದರು.