ತಂಗಿಯ ಒಂದು ಸೆಂಟಾವೊ

ಜೂನ್ 18, ಮಂಗಳವಾರ. ಕರುವಾರು.

ಇವತ್ತೂ ತಂಗಿ ಜಾಸಿಯಾರಾ ಒಂದು ಸೆಂಟಾವೊ ಕಳಿಸಿದಳು. ಅದಕ್ಕೆ ಒಂದು ಕಡಲೆಬೀಜವೂ ಬರಲ್ಲ. ಅಮ್ಮ ಹೋದ ಮೇಲೆ ಅವಳ ಹೊಲಿಗೆ ಮಿಷನ್ನಿಗಾಗಿ ಜಗಳವಾಡಿ, ತಂಗಿಯ ನಂಬರನ್ನು ಬ್ಲಾಕ್ ಮಾಡಿ ಎಂಟು ತಿಂಗಳಾಯಿತು. ಆದರೆ ಫೋನಿನಲ್ಲೇ ದುಡ್ಡು ಕಳಿಸುವ ಪಿಕ್ಸ್ ಇದೆಯಲ್ಲ! ಅವಳ ಬ್ಯಾಂಕೇ ಬೇರೆ, ನನ್ನದೇ ಬೇರೆ. ಆದರೂ ದುಡ್ಡು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತೆ. ಜೊತೆಗೆ ಒಂದು ಸಾಲು ಬರೆಯೋಕೆ ಜಾಗವೂ ಇರುತ್ತೆ. ಇಷ್ಟು ದಿನ ಅಲ್ಲಿ ಬರೀ ಬೈಗುಳ: "ಅಮ್ಮನ ಮಿಷನ್ ನುಂಗಿದೆಯಲ್ಲ, ಜೀರ್ಣ ಆಯ್ತಾ?"

ಇವತ್ತಿನದು ಹಾಗಿರಲಿಲ್ಲ. "ಅಕ್ಕಾ, ನಾಳೆ ರೆಸಿಫೆಯಲ್ಲಿ ಆಪರೇಷನ್. ಎದೆಯ ಗಂಟು ತೆಗೀತಾರೆ."

"ಈಗಲಾದರೂ ಫೋನ್ ಮಾಡಬಾರದೇನೇ?" ಅಂದ ನನ್ನ ಗಂಡ ಎರೊನಿಲ್ಡೊ.

"ನಾನ್ಯಾಕೆ ಸೋಲಲಿ?"

"ಸರಿ ಬಿಡು, ಸೆಂಟಾವೊ ಲೆಕ್ಕದಲ್ಲೇ ಅಳು."

ಪಿಕ್ಸ್ ತೆರೆದೆ. ಸಾಲಿನ ಜಾಗ ಖಾಲಿ ಬಿಟ್ಟು ನೂರು ರಿಯಾಲ್ ಕಳಿಸಿದೆ. ಫೋನು ಕೆಳಗಿಡುವ ಮೊದಲೇ ಅಷ್ಟೂ ವಾಪಸ್ ಬಂತು, ಜೊತೆಗೆ ಅವಳ ಸಾಲು:

"ದುಡ್ಡು ಬೇಡ. ನೀನು ಬಾ."

ದುಡ್ಡಿಗೆ ಹತ್ತು ಸೆಕೆಂಡು ಸಾಕು. ನನಗೆ ಬಸ್ಸಿನಲ್ಲಿ ಎರಡೂವರೆ ಗಂಟೆ. ನಾಲ್ಕಕ್ಕೇ ಅಲಾರಂ ಇಟ್ಟಿದ್ದೇನೆ. ಮಿಷನ್ನನ್ನು ಹಳೇ ಚಾದರದಲ್ಲಿ ಸುತ್ತಿ, ಹಗ್ಗ ಬಿಗಿದು ಬಾಗಿಲ ಹತ್ತಿರ ಇಟ್ಟೆ.

"ಆಸ್ಪತ್ರೆಗೆ ಹೊಲಿಗೆ ಮಿಷನ್ನಾ? ಡಾಕ್ಟರಿಗೆ ಬೇಕಾಗುತ್ತಾ?" ಅಂತ ಎರೊನಿಲ್ಡೊ ನಗ್ತಿದ್ದಾನೆ.

ನಗಲಿ. ಬರಿಗೈಯಲ್ಲಿ ಹೋಗಿ ಅವಳ ಮುಖ ಹೇಗೆ ನೋಡಲಿ, ಅದೂ ನಾಳೆಯಂಥ ದಿನ?