ಎಡಗೈಯ ಮಸೆತ

ಹುಮನಾಬಾದ, ೧೮ ನವೆಂಬರ್ ೧೯೪೮, ಗುರುವಾರ

ಆ ಚೂರಿ ಇನ್ನೂ ಅಂಗಡಿಯ ಗಾದಿಯ ಕೆಳಗೇ ಇದೆ.

ಬೆಳಿಗ್ಗೆ ರಾಜೇಶ್ವರದ ಸೂರ್ಯಕಾಂತ ಅದನ್ನು ಅರಿವೆಯಲ್ಲಿ ಸುತ್ತಿ ತಂದ. "ಹೊಲದಾಗ ಸಿಕ್ತರಿ. ನಿಮ್ಮಂಗ ಚೂರಿ ಕೂಡಿಸೋರು ಈ ಕಡಿ ಯಾರದಾರ್ರಿ?" ಎಂದ. ಅಲಗನ್ನು ಉಗುರಿನಿಂದ ಮೀಟಿದೆ. ಗಂಟೆಯ ಹಾಗೆ ನುಡಿಯಿತು. ಇಂಥ ಉಕ್ಕಿನದು ನಾನು ಪೆಟ್ಟಿಗೆಯಲ್ಲಿ ಕೂಡಿಟ್ಟ ಚೂರಿಗಳಲ್ಲಿ ಒಂದೂ ಇಲ್ಲ. ಹಿಗ್ಗಿದೆ. ಹಿಂದುಮುಂದು ಕೇಳದೆ ಕೊಂಡುಬಿಟ್ಟೆ.

ಅವನು ಹೋದ ಮೇಲೆ ಬಿಸಿಲಿಗೆ ಹಿಡಿದು ನೋಡಿದೆ. ಹಿಡಿ ಹೊಸದು. ಅಲಗು ಮಾತ್ರ ಎಡಗೈಯವನು ಮಸೆದದ್ದು. ಸವೆತ ಎದುರು ಬದಿಗೆ ಬಿದ್ದಿದೆ. ಈ ಸೀಮೆಯಲ್ಲಿ ಹಾಗೆ ಮಸೆಯುತ್ತಿದ್ದವನು ಕಲ್ಯಾಣದ ಜಲಾಲುದ್ದೀನ್ ಒಬ್ಬನೇ. ಚೂರಿಗೆ ಬೆಲೆ ಕಟ್ಟುವುದನ್ನು ನನಗೆ ಕಲಿಸಿದವನೂ ಅವನೇ. ಹತ್ತು ವರ್ಷ ಬೇಡಿದರೂ ಇದನ್ನು ಕೊಡಲಿಲ್ಲ. "ನಾ ಸತ್ತ ಮ್ಯಾಲ ತಗೋರಿ ಸಾಹುಕಾರ್ರ" ಎಂದು ನಗುತ್ತಿದ್ದ. ಸೆಪ್ಟೆಂಬರಿನಲ್ಲಿ ಪೊಲೀಸ್ ಆಕ್ಷನ್ ಹೊತ್ತಿನ ಗಲಾಟೆಯಿಂದ ಅವನ ಸುದ್ದಿಯಿಲ್ಲ.

ಮಧ್ಯಾಹ್ನ ಅವನ ಹೆಂಡತಿ ಅನ್ವರಿ ಬಂದಳು. ಗಾದಿಯಿಂದ ನಾನು ಏಳಲಿಲ್ಲ.

"ಹೈದರಾಬಾದಿಗಿ ಹೋಗ್ಯಾರಂತ ಮಂದಿ ಅಂತಾರ್ರಿ ಅಣ್ಣಾ. ಅವರ ಚೂರಿ ಯಾರರೇ ಮಾರಾಕ ತಂದ್ರ ನೀವು ಗುರ್ತ ಹಿಡೀತೀರಿ. ತಂದಿಲ್ಲಲ್ರಿ?"

"ಇಲ್ಲವ್ವ."

"ಹಂಗಾದ್ರ ಜೀವಂತ ಅದಾರ" ಎಂದಳು. ಎರಡು ತಿಂಗಳಲ್ಲಿ ಅವಳು ನಕ್ಕದ್ದನ್ನು ಇವತ್ತೇ ನೋಡಿದೆ.

ಇನ್ನು ಪ್ರತಿ ಗುರುವಾರ ಬಂದು ಕೇಳಿಕೊಂಡು ಹೋಗುತ್ತಾಳಂತೆ.